ಒಂದೇ ಕಂಪ್ಯೂಟರಿನಲ್ಲಿ ಮೂರು ಲಿನಕ್ಸ್: ಬೂಟ್ ಮೆನುವಿನ ಜಗಳ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿದೆ. ಮನೆಯ ಡೆಸ್ಕ್‌ಟಾಪಿನ ಒಂದೇ ಎಸ್‌ಎಸ್‌ಡಿಯಲ್ಲಿ ಉಬುಂಟು 24.04, ಲಿನಕ್ಸ್ ಮಿಂಟ್ 22 ಮತ್ತು ಫೆಡೋರಾ ಇವೆ. ವಿಂಡೋಸ್ ಇಲ್ಲ. ಮಿಂಟ್ ಹಾಕಿದ ಮೇಲೆ 'ಉಬುಂಟು' ಆರಿಸಿದರೂ ಮಿಂಟಿನ ಮೆನುವೇ ಬರುತ್ತದೆ. ಆ ಮೆನುವಿನಿಂದ ಫೆಡೋರಾ ಕೆಲವು ವಾರ ಸರಿಯಾಗಿ ಶುರುವಾಗುತ್ತದೆ, ಆಮೇಲೆ ಫೈಲ್ ಸಿಗಲಿಲ್ಲ ಎಂದು ನಿಂತುಬಿಡುತ್ತದೆ. ಈಚೆಗೆ ಮಳೆಯಲ್ಲಿ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಈಗ ಕಪ್ಪು ತೆರೆಯ ಮೇಲೆ 'ಗ್ರಬ್>' ಎಂದಷ್ಟೇ ಬರುತ್ತಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೇ?

ಉತ್ತರ: ಬೇಡ, ಏನನ್ನೂ ಅಳಿಸಬೇಡಿ. ನಿಮ್ಮ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣಗಳಿವೆ. ಒಂದರಿಂದಲೂ ನಿಮ್ಮ ಕಡತಗಳಿಗೆ ಧಕ್ಕೆಯಾಗಿಲ್ಲ. ಹೊಸದಾಗಿ ಹಾಕಿದರೆ ಮೂರನೆಯ ತಿಂಗಳಿಗೆ ಇದೇ ಸ್ಥಿತಿಗೆ ಮರಳುತ್ತೀರಿ, ಏಕೆಂದರೆ ಜಗಳದ ಮೂಲ ಹಾಗೇ ಉಳಿದಿರುತ್ತದೆ. ಮೂರು ಲಿನಕ್ಸ್‌ಗಳೂ ತಮ್ಮ ತಮ್ಮ ಗ್ರಬ್ (ಕಂಪ್ಯೂಟರ್ ಆನ್ ಮಾಡಿದಾಗ ಮೆನು ತೋರಿಸಿ ಲಿನಕ್ಸನ್ನು ಶುರುಮಾಡುವ ಬೂಟ್‌ಲೋಡರ್) ತಂದು ಯಜಮಾನಿಕೆ ಹೂಡುತ್ತಿವೆ. ಅವುಗಳಲ್ಲಿ ಒಂದನ್ನು ಮಾತ್ರ ಯಜಮಾನನನ್ನಾಗಿ ಮಾಡಿ, ಉಳಿದ ಎರಡನ್ನು ಅವುಗಳದೇ ಲೋಡರಿಗೆ ಒಪ್ಪಿಸುವ ಹಾಗೆ ಮೆನು ಬರೆದರೆ ಜಗಳ ನಿಲ್ಲುತ್ತದೆ.

ಆಜ್ಞೆಗಳನ್ನೂ ಕಡತದ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಬೇರೆಯಾಗಿ ಹೇಳದಿದ್ದರೆ ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಯಂತ್ರದೊಳಗೆ ಕಾಲಿಡಬೇಕಲ್ಲ. 'ಗ್ರಬ್>' ಎಂದು ಬಂದಿದೆ ಎಂದರೆ ಗ್ರಬ್ ಜೀವಂತವಾಗಿದೆ, ತನ್ನ ಮೆನು ಕಡತ ಮಾತ್ರ ಅದಕ್ಕೆ ಸಿಕ್ಕಿಲ್ಲ. ('ಗ್ರಬ್ ರೆಸ್ಕ್ಯೂ>' ಎಂದು ಬಂದಿದ್ದರೆ ಗ್ರಬ್ಬಿನ ಮಾಡ್ಯೂಲುಗಳೇ ಸಿಕ್ಕಿಲ್ಲ ಎಂದರ್ಥ. ಅದು ಹೆಚ್ಚಾಗಿ ಹಳೆಯ ಬಯಾಸ್ ಯಂತ್ರಗಳ ಕಾಯಿಲೆ.) ಪೆನ್‌ಡ್ರೈವ್‌ಗಳನ್ನೆಲ್ಲ ತೆಗೆದು, ಆ ಜಾಗದಲ್ಲಿ 'ಎಲ್‌ಎಸ್' ಎಂದು ಕೊಡಿ. (ಎಚ್‌ಡಿ0,ಜಿಪಿಟಿ1), (ಎಚ್‌ಡಿ0,ಜಿಪಿಟಿ2) ಎಂದು ವಿಭಾಗಗಳ ಪಟ್ಟಿ ಬರುತ್ತದೆ. ಒಂದೊಂದನ್ನೇ ಹೀಗೆ ನೋಡಿ:

ಎಲ್‌ಎಸ್ (ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್/

ಗ್ರಬ್.ಸಿಎಫ್‌ಜಿ ಎಂಬ ಕಡತ ಕಂಡ ವಿಭಾಗವೇ ಉಬುಂಟು ಅಥವಾ ಮಿಂಟ್. ಈಗ ಅದನ್ನೇ ಕರೆಯಿರಿ:

ಕಾನ್ಫಿಗ್‌ಫೈಲ್ (ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ

ಮೆನು ತೆರೆದುಕೊಳ್ಳುತ್ತದೆ. ಹೊಸ ಕರ್ನೆಲ್ (ಲಿನಕ್ಸಿನ ತಿರುಳು) ಆರಿಸಿದಾಗ ನಿಂತುಹೋದರೆ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗಿನ ಹಿಂದಿನ ಕರ್ನೆಲ್ ಆರಿಸಿ. ಕರೆಂಟು ಹೋದಾಗ ಅರ್ಧಕ್ಕೆ ನಿಂತಿರುವುದು ಹೊಸದರ ಇನಿಟ್‌ರಾಮ್‌ಎಫ್‌ಎಸ್ (ಶುರುವಾಗುವಾಗ ಕರ್ನೆಲ್ಲಿಗೆ ಬೇಕಾಗುವ ಕಡತಗಳ ಗಂಟು) ಇರಬಹುದು. ಹಳೆಯದನ್ನು ಅಪ್‌ಡೇಟ್ ಮುಟ್ಟಿರುವುದಿಲ್ಲ.

ಕಡತ ಡಿಸ್ಕಿನಲ್ಲಿದ್ದೂ ಗ್ರಬ್ಬಿಗೆ ಕಾಣದಿರುವುದೂ ಉಂಟು. ಎಕ್ಸ್ಟ್4 ಅಥವಾ ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಇರುವ ವಿಭಾಗಕ್ಕೆ ಬರೆದ ಬದಲಾವಣೆ ಕೆಲವೊಮ್ಮೆ ಜರ್ನಲ್ಲಿನಲ್ಲೇ (ಬದಲಾವಣೆಗಳನ್ನು ಮೊದಲು ಗುರುತುಹಾಕಿಕೊಳ್ಳುವ ದಿನಚರಿ) ಉಳಿದಿರುತ್ತದೆ. ಲಿನಕ್ಸ್ ಕರ್ನೆಲ್ ಆ ವಿಭಾಗವನ್ನು ಮೌಂಟ್ ಮಾಡುವಾಗ, ಅಂದರೆ ಬಳಕೆಗೆ ಜೋಡಿಸುವಾಗ, ಆ ಜರ್ನಲ್ ಓದಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಗ್ರಬ್ ಆ ಕೆಲಸ ಮಾಡುವುದಿಲ್ಲ. ಅದಕ್ಕೇ ಲೈವ್ ಪೆನ್‌ಡ್ರೈವಿನಿಂದ (ಡಿಸ್ಕಿಗೆ ಹಾಕದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಶುರುಮಾಡಿ, ಆ ವಿಭಾಗವನ್ನು ಒಮ್ಮೆ ಮೌಂಟ್ ಮಾಡಿ, ಅನ್‌ಮೌಂಟ್ ಮಾಡಿ, ಮತ್ತೆ ಶುರುಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇದನ್ನು ನೋಡದೆ ಗ್ರಬ್ ಮರುಸ್ಥಾಪನೆಗೆ ಕೈಹಾಕಬೇಡಿ.

ಒಳಗೆ ಹೋದ ಕೂಡಲೇ ಅರ್ಧಕ್ಕೆ ನಿಂತ ಅಪ್‌ಡೇಟ್ ಮುಗಿಸಿ. ಉಬುಂಟು, ಮಿಂಟ್ ಎರಡರಲ್ಲೂ ಇವು ಮೂರು:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್
ಸುಡೊ ಅಪ್‌ಡೇಟ್-ಗ್ರಬ್

ಬಳಿಕ ಇಎಫ್‌ಐ ಸಿಸ್ಟಂ ವಿಭಾಗ, ಅಂದರೆ ಇಎಸ್‌ಪಿ. ಮೂರೂ ಲಿನಕ್ಸ್‌ಗಳ ಲೋಡರುಗಳು ಇರುವುದು ಈ ಒಂದೇ ಪುಟ್ಟ ಫ್ಯಾಟ್32 ವಿಭಾಗದಲ್ಲಿ. ಫ್ಯಾಟ್‌ಗೆ ಜರ್ನಲ್ ಎಂಬುದೇ ಇಲ್ಲ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಮೊದಲು ಏಟು ಬೀಳುವುದು ಇದಕ್ಕೇ. ನಿಮ್ಮ ಎಸ್‌ಎಸ್‌ಡಿ ಸಾಟಾ ಆಗಿದ್ದು ಇಎಸ್‌ಪಿ ಮೊದಲ ವಿಭಾಗವಾಗಿದ್ದರೆ ಅದು /ಡೆವ್/ಎಸ್‌ಡಿಎ1. 'ಸುಡೊ ಯುಮೌಂಟ್ /ಬೂಟ್/ಇಎಫ್‌ಐ' ಎಂದು ಬಿಡಿಸಿ ('ಅನ್' ಅಲ್ಲ, ಬರೀ ಯು), 'ಸುಡೊ ಎಫ್‌ಎಸ್‌ಸಿಕೆ.ವಿಫ್ಯಾಟ್ -ಎ /ಡೆವ್/ಎಸ್‌ಡಿಎ1' ಓಡಿಸಿ, 'ಸುಡೊ ಮೌಂಟ್ /ಬೂಟ್/ಇಎಫ್‌ಐ' ಎಂದು ಮತ್ತೆ ಜೋಡಿಸಿ. 'ಡರ್ಟಿ ಬಿಟ್' ಎಂಬ ಸೂಚನೆ ಬಂದರೆ ಗಾಬರಿ ಬೇಡ. ಸರಿಯಾಗಿ ಮುಚ್ಚದೆ ಬಿಟ್ಟಿದ್ದರ ಗುರುತು ಅದು.

ಇಲ್ಲಿಂದ ಮುಂದಿನ ಕೆಲಸ ಶುರುಮಾಡುವ ಮುನ್ನ ಇಎಸ್‌ಪಿಯ ನಕಲು ತೆಗೆದಿಡಿ. 'ಸುಡೊ ಸಿಪಿ -ಆರ್ /ಬೂಟ್/ಇಎಫ್‌ಐ' ಎಂದು ಬರೆದು, ಮುಂದೆ ನಿಮ್ಮ ಹೋಮ್ ಫೋಲ್ಡರಿನ ಒಂದು ಜಾಗ ಕೊಟ್ಟರೆ ಸಾಕು. ಕೆಲವೇ ಎಂಬಿ ಆಗುತ್ತದೆ. 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟಾಗ ಬರುವ ವಿಭಾಗಗಳ ಪಟ್ಟಿ ಮತ್ತು 'ಇಎಫ್‌ಐಬೂಟ್‌ಎಂಜಿಆರ್ -ವಿ' ಕೊಟ್ಟಾಗ ಬರುವ ಬೂಟ್ ನಮೂದುಗಳ ಪಟ್ಟಿ ಎರಡನ್ನೂ ಒಂದು ಕಡತಕ್ಕೆ ಉಳಿಸಿ, ಮೊಬೈಲಿಗೂ ಕಳಿಸಿಕೊಳ್ಳಿ. ಕಂಪ್ಯೂಟರ್ ಶುರುವಾಗದ ದಿನ ಅದರೊಳಗಿನ ಟಿಪ್ಪಣಿ ಉಪಯೋಗಕ್ಕೆ ಬರುವುದಿಲ್ಲ.

ಈಗ ಉಬುಂಟು ಮತ್ತು ಮಿಂಟಿನ ಜಗಳ. ಇಎಸ್‌ಪಿಯೊಳಗೆ ಪ್ರತಿ ಲಿನಕ್ಸಿಗೂ ತನ್ನ ಹೆಸರಿನ ಫೋಲ್ಡರ್ ಇರಬೇಕು. ಫೆಡೋರಾದ ಫೋಲ್ಡರ್ 'ಫೆಡೋರಾ', ಡೆಬಿಯನ್ನಿನದು 'ಡೆಬಿಯನ್'. ಆದರೆ ಮಿಂಟ್ ಬಳಸುವುದು ಉಬುಂಟುವಿನ ಸಹಿ ಇರುವ ಗ್ರಬ್ಬನ್ನೇ, ಹಾಗಾಗಿ ಅದೂ 'ಉಬುಂಟು' ಫೋಲ್ಡರಿನಲ್ಲೇ ಹೋಗಿ ಕೂರುತ್ತದೆ. ಕುಬುಂಟು, ಕ್ಸುಬುಂಟು ಮೊದಲಾದವೂ ಹಾಗೆಯೇ. ಕೊನೆಗೆ ಬರೆದವನದೇ ಮೇಲುಗೈ. ಆ ಫೋಲ್ಡರಿನ ಗ್ರಬ್.ಸಿಎಫ್‌ಜಿ ತೆರೆದು ನೋಡಿ, ಬರೀ ಮೂರು ಸಾಲು. ಮೊದಲ ಸಾಲು 'ಸರ್ಚ್.ಎಫ್‌ಎಸ್_ಯುಯುಐಡಿ' ಎಂದು ಶುರುವಾಗಿ ಒಂದು ಯುಯುಐಡಿ (ವಿಭಾಗದ ಗುರುತಿನ ಸಂಖ್ಯೆ) ಹೇಳುತ್ತದೆ. ಉಳಿದೆರಡು ಸಾಲು ಆ ವಿಭಾಗದ ಮೆನುವನ್ನು ಕರೆಯುತ್ತವೆ. ನಿಮ್ಮದರಲ್ಲಿ ಅದು ಮಿಂಟಿನ ಯುಯುಐಡಿ ಆಗಿರುವುದು ಬಹುತೇಕ ಖಚಿತ. ಎಲ್‌ಎಸ್‌ಬಿಎಲ್‌ಕೆ ಪಟ್ಟಿಯ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ.

ಯಾರನ್ನು ಯಜಮಾನನನ್ನಾಗಿ ಮಾಡಬೇಕು? ಹೊಸ ಗ್ರಬ್ ಇರುವ, ನೀವು ತೆಗೆದುಹಾಕುವ ಯೋಚನೆಯಿಲ್ಲದ ಲಿನಕ್ಸನ್ನು. ಹೊಸ ಗ್ರಬ್ ಏಕೆಂದರೆ, ಎಕ್ಸ್ಟ್4 ವಿಭಾಗ ಮಾಡುವ ಸಲಕರಣೆಯಾದ ಇ2ಎಫ್‌ಎಸ್‌ಪ್ರಾಗ್ಸ್‌ನ 2023ರಲ್ಲಿ ಬಂದ 1.47 ಆವೃತ್ತಿ ಎಕ್ಸ್ಟ್4 ವಿಭಾಗಗಳಲ್ಲಿ ಮೆಟಾಡೇಟಾ ಚೆಕ್‌ಸಮ್ ಸೀಡ್ ಎಂಬ ಸೌಲಭ್ಯವನ್ನು ಮೊದಲೇ ಆನ್ ಮಾಡಿಡತೊಡಗಿತು. ತಿದ್ದುಪಡಿ ಸೇರದ ಹಳೆಯ ಗ್ರಬ್ಬಿಗೆ ಅಂಥ ವಿಭಾಗ 'ಅಪರಿಚಿತ ಫೈಲ್‌ಸಿಸ್ಟಂ' ಆಗಿ ಕಾಣುತ್ತದೆ. ಗ್ರಬ್ 2.12ಕ್ಕೆ ಆ ತೊಂದರೆ ಇಲ್ಲ, ಉಬುಂಟು 24.04ರಲ್ಲಿರುವುದು ಅದೇ. ನಿಮಗೆ ಉಬುಂಟು ಯಜಮಾನನಾಗಲಿ.

ಉಬುಂಟು ಒಳಗೆ ಹೋಗಿ, /ಬೂಟ್/ಇಎಫ್‌ಐ ಮೌಂಟ್ ಆಗಿದೆಯೆಂದು ನೋಡಿಕೊಂಡು, 'ಸುಡೊ ಗ್ರಬ್-ಇನ್‌ಸ್ಟಾಲ್' ಕೊಡಿ. ಯುಇಎಫ್‌ಐ (ಹಳೆಯ ಬಯಾಸ್ ಬದಲು ಬಂದ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಯಂತ್ರದಲ್ಲಿ ಡಿಸ್ಕಿನ ಹೆಸರು ಕೊಡಬೇಕಾಗಿಲ್ಲ. ಮೂರು ಸಾಲಿನ ಆ ಕಡತ ಈಗ ಉಬುಂಟುವಿನ ಯುಯುಐಡಿಗೆ ತಿರುಗುತ್ತದೆ. ಆದರೆ ಇಷ್ಟಕ್ಕೇ ಬಿಟ್ಟರೆ ಮಿಂಟಿನಲ್ಲಿ ಮುಂದಿನ ಗ್ರಬ್ ಅಪ್‌ಡೇಟ್ ಬಂದ ದಿನ ಮತ್ತೆ ಅದರ ಕಡೆಗೇ ತಿರುಗೀತು. ಮಿಂಟಿಗೆಂದು ಎರಡನೇ ಇಎಸ್‌ಪಿ ಮಾಡಿ ಎಂಬ ಸಲಹೆ ಕೇಳಿರಬಹುದು. ಫೋಲ್ಡರಿನ ಜಗಳ ಅದರಿಂದ ನಿಂತರೂ, ಮದರ್‌ಬೋರ್ಡಿನ ನೆನಪಿನಲ್ಲಿ ಬೂಟ್ ನಮೂದಿನ ಹೆಸರು ಎರಡಕ್ಕೂ 'ಉಬುಂಟು' ಎಂದೇ ಇರುವುದರಿಂದ ಒಂದು ಬರೆಯುವಾಗ ಇನ್ನೊಂದರ ನಮೂದು ಹೋಗುವ ಸಂಭವ ಉಳಿದೇ ಇರುತ್ತದೆ. ಒಂದೇ ಡಿಸ್ಕಿನ ಯಂತ್ರಕ್ಕೆ ಅಷ್ಟು ಖಟಪಟ ಬೇಡ. ಮಿಂಟಿನ ಕೈ ಕಟ್ಟಿಹಾಕುವುದೇ ಸುಲಭ. ಮಿಂಟ್ ಒಳಗೆ ಹೋಗಿ:

ಸುಡೊ ಎಪಿಟಿ-ಮಾರ್ಕ್ ಹೋಲ್ಡ್ ಗ್ರಬ್-ಇಎಫ್‌ಐ-ಎಎಂಡಿ64 ಗ್ರಬ್-ಇಎಫ್‌ಐ-ಎಎಂಡಿ64-ಸೈನ್ಡ್ ಶಿಮ್-ಸೈನ್ಡ್

ಇಂಟೆಲ್ ಪ್ರೊಸೆಸರ್ ಇದ್ದರೂ ಪ್ಯಾಕೇಜಿನ ಹೆಸರು ಇದೇ. ಇನ್ನು ಮಿಂಟ್ ತನ್ನ ಕರ್ನೆಲ್ ಅಪ್‌ಡೇಟ್ ಮಾಡಿಕೊಳ್ಳುತ್ತದೆ, ತನ್ನ /ಬೂಟ್/ಗ್ರಬ್ ಒಳಗಿನ ಮೆನುವನ್ನೂ ಹೊಸದು ಮಾಡಿಕೊಳ್ಳುತ್ತದೆ, ಇಎಸ್‌ಪಿ ಮಾತ್ರ ಮುಟ್ಟುವುದಿಲ್ಲ. ಬೂಟ್‌ಲೋಡರಿನ ಭದ್ರತಾ ಅಪ್‌ಡೇಟುಗಳು ಉಬುಂಟು ಕಡೆಯಿಂದ ಬರುವುದರಿಂದ ಇದರಿಂದ ನಷ್ಟವಿಲ್ಲ. ಮಿಂಟನ್ನು ಮುಂದಿನ ಆವೃತ್ತಿಗೆ ಏರಿಸುವಾಗ ಹೋಲ್ಡ್ ತೆಗೆಯಬೇಕಾಗುತ್ತದೆ. ಏರಿಸಿದ ಮೇಲೆ ಉಬುಂಟುವಿನಿಂದ ಮತ್ತೊಮ್ಮೆ ಗ್ರಬ್-ಇನ್‌ಸ್ಟಾಲ್ ಮಾಡಿ, ಮಿಂಟಿನಲ್ಲಿ ಮತ್ತೆ ಹೋಲ್ಡ್ ಹಾಕಿ.

ಫೆಡೋರಾ ಕೆಲವು ವಾರಕ್ಕೆ ಕೈಕೊಡುವುದಕ್ಕೆ ಕಾರಣ ಓಎಸ್-ಪ್ರೋಬರ್. ಇದು ಬೇರೆ ವಿಭಾಗಗಳಲ್ಲಿ ಇಣುಕಿ, ಆ ಹೊತ್ತಿಗೆ ಅಲ್ಲಿದ್ದ ಕರ್ನೆಲ್ಲುಗಳ ಹೆಸರನ್ನು ತನ್ನ ಮೆನುವಿನಲ್ಲಿ ನಕಲು ಮಾಡಿಕೊಳ್ಳುತ್ತದೆ. ಶಿರಸಿ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದ ಹಾಗೆ ಇದು. ಕುಮಟಾ ಬಸ್ಸಿನ ಸಮಯ ಬದಲಾದರೆ ಚೀಟಿಗೆ ತಿಳಿಯುವುದಿಲ್ಲ. ಫೆಡೋರಾ ಮಾಮೂಲಾಗಿ ಮೂರೇ ಕರ್ನೆಲ್ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ. ಅದಕ್ಕೆ ಹೊಸ ಕರ್ನೆಲ್ ಬೇಗ ಬೇಗ ಬರುತ್ತಿರುತ್ತದೆ. ಮೂರು ಅಪ್‌ಡೇಟ್ ದಾಟಿತೆಂದರೆ ಮೆನುವಿನಲ್ಲಿ ಬರೆದ ಹೆಸರಿನ ಕಡತ ಡಿಸ್ಕಿನಲ್ಲಿ ಇರುವುದಿಲ್ಲ. 'ಫೈಲ್ ಸಿಗಲಿಲ್ಲ, ಮೊದಲು ಕರ್ನೆಲ್ ಲೋಡ್ ಮಾಡಿ' ಎಂಬ ಸಂದೇಶ ಬರುವುದು ಆಗ. ಅದರ ಮೇಲೆ, ಫೆಡೋರಾ 30ರಿಂದ, ಅಂದರೆ 2019ರಿಂದ, ಕರ್ನೆಲ್ ನಮೂದುಗಳು /ಬೂಟ್/ಲೋಡರ್/ಎಂಟ್ರೀಸ್ ಒಳಗೆ ಬಿಡಿ ಕಡತಗಳಾಗಿವೆ. ಅವನ್ನು ಓದುವ ಆಜ್ಞೆ ಫೆಡೋರಾದ ಗ್ರಬ್ಬಿನಲ್ಲಿದೆ, ಉಬುಂಟು 24.04ರ ಗ್ರಬ್ಬಿನಲ್ಲಿಲ್ಲ. ಫೆಡೋರಾ 33ರಿಂದ ಮೂಲ ವಿಭಾಗ ಮಾಮೂಲಾಗಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂನ ಸಬ್‌ವಾಲ್ಯೂಮ್ (ಉಪವಿಭಾಗ) ಮೇಲಿರುತ್ತದೆ, ಅಲ್ಲೂ ಓಎಸ್-ಪ್ರೋಬರ್ ಎಡವುತ್ತದೆ. ಗ್ರಬ್ ತಂಡದವರೇ 2021ರ 2.06 ಆವೃತ್ತಿಯಿಂದ ಓಎಸ್-ಪ್ರೋಬರನ್ನು ಡೀಫಾಲ್ಟ್ ಆಗಿ ಆಫ್ ಮಾಡಿದ್ದಾರೆ. ಅದನ್ನು ಆನ್ ಮಾಡಿ ಎನ್ನುವುದು ಎಲ್ಲ ಕಡೆ ಸಿಗುವ ಸಲಹೆ. ಬಹು ಲಿನಕ್ಸ್ ಯಂತ್ರಕ್ಕೆ ಅದು ತಪ್ಪು ಸಲಹೆ ಎಂಬುದು ನನ್ನ ದೃಢ ಅಭಿಪ್ರಾಯ.

ಅದರ ಬದಲು ಉಬುಂಟುವಿನಲ್ಲಿ /ಇಟಿಸಿ/ಗ್ರಬ್.ಡಿ/40_ಕಸ್ಟಮ್ ಕಡತ ತೆರೆಯಿರಿ. ಮೇಲೆ ಈಗಾಗಲೇ ಇರುವ ಸಾಲುಗಳನ್ನು ಮುಟ್ಟದೆ, ಕೆಳಗೆ ಹೀಗೆ ಸೇರಿಸಿ:

ಮೆನುಎಂಟ್ರಿ "ಫೆಡೋರಾ" {
ಸರ್ಚ್ --ನೋ-ಫ್ಲಾಪಿ --ಎಫ್‌ಎಸ್-ಯುಯುಐಡಿ --ಸೆಟ್=ರೂಟ್ (ಇಲ್ಲಿ ಇಎಸ್‌ಪಿಯ ಯುಯುಐಡಿ)
ಚೈನ್‌ಲೋಡರ್ /ಇಎಫ್‌ಐ/ಫೆಡೋರಾ/ಶಿಮ್‌ಎಕ್ಸ್64.ಇಎಫ್‌ಐ
}

ಮೆನುಎಂಟ್ರಿ "ಮಿಂಟ್" {
ಸರ್ಚ್ --ನೋ-ಫ್ಲಾಪಿ --ಎಫ್‌ಎಸ್-ಯುಯುಐಡಿ --ಸೆಟ್=ರೂಟ್ (ಇಲ್ಲಿ ಮಿಂಟ್ ವಿಭಾಗದ ಯುಯುಐಡಿ)
ಕಾನ್ಫಿಗ್‌ಫೈಲ್ /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ
}

ಆವರಣದೊಳಗೆ ಬರೆದದ್ದು ಸೂಚನೆ ಮಾತ್ರ. ಆವರಣ ತೆಗೆದು ಬರೀ ಯುಯುಐಡಿ ಹಾಕಿ. ಇಎಸ್‌ಪಿಯದು ನಾಲ್ಕಕ್ಷರ, ಅಡ್ಡಗೆರೆ, ನಾಲ್ಕಕ್ಷರ ಇರುವ ಗಿಡ್ಡ ಸಂಖ್ಯೆ, ಮಿಂಟಿನದು ಉದ್ದದ್ದು. ಚೈನ್‌ಲೋಡರ್ ಸಾಲಿನ ಮೊದಲ ಫೋಲ್ಡರಿನ ಹೆಸರು ಇಂಗ್ಲಿಷ್ ದೊಡ್ಡಕ್ಷರದ್ದು. ಫೆಡೋರಾಕ್ಕೆ ಗ್ರಬ್‌ಎಕ್ಸ್64 ಕಡತವನ್ನಲ್ಲ, ಶಿಮ್ (ಗ್ರಬ್ಬಿಗೂ ಮೊದಲು ಓಡಿ ಅದರ ಸಹಿ ನೋಡುವ ಪುಟ್ಟ ಲೋಡರ್) ಕಡತವನ್ನೇ ಕರೆಯಬೇಕು. ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇಲ್ಲದ ಲೋಡರನ್ನು ತಡೆಯುವ ವ್ಯವಸ್ಥೆ) ಆನ್ ಇದ್ದಾಗ ಫೆಡೋರಾ ಗ್ರಬ್ಬಿನ ಸಹಿಯನ್ನು ಉಬುಂಟುವಿನ ಶಿಮ್ ಒಪ್ಪುವುದಿಲ್ಲ. ಫೆಡೋರಾ ಶಿಮ್ಮಿಗೆ ಮೈಕ್ರೋಸಾಫ್ಟ್ ಸಹಿ ಇರುತ್ತದೆ. ಅದಕ್ಕೂ ಸಹಿಯ ತಕರಾರು ಬಂದರೆ ಫೆಡೋರಾವನ್ನು ಮದರ್‌ಬೋರ್ಡಿನ ಬೂಟ್ ಮೆನುವಿನಿಂದಲೇ ಆರಿಸಿ. ಗಿಗಾಬೈಟ್ ಬೋರ್ಡಿನಲ್ಲಿ ಎಫ್12, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಎಫ್11, ಏಸಸ್‌ನಲ್ಲಿ ಎಫ್8.

ಇನ್ನೊಂದು ಕಡತ /ಇಟಿಸಿ/ಡೀಫಾಲ್ಟ್/ಗ್ರಬ್. ಅದರಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಟ್ರೂ, ಗ್ರಬ್_ಟೈಮ್‌ಔಟ್_ಸ್ಟೈಲ್=ಮೆನು, ಗ್ರಬ್_ಟೈಮ್‌ಔಟ್=10 ಎಂದು ಮಾಡಿ. ಸಮ ಚಿಹ್ನೆಯ ಎಡಗಡೆಯದೆಲ್ಲ ಇಂಗ್ಲಿಷ್ ದೊಡ್ಡಕ್ಷರ. ಟೈಮ್‌ಔಟ್ ಮರೆಯಬೇಡಿ: ಬೇರೆ ವ್ಯವಸ್ಥೆ ಕಾಣದಿದ್ದಾಗ ಉಬುಂಟು ಮೆನುವನ್ನೇ ಅಡಗಿಸಿ ನೇರ ಒಳಗೆ ಹೋಗಿಬಿಡುತ್ತದೆ, ನೀವು ಬರೆದ ಸಾಲುಗಳು ಕಣ್ಣಿಗೇ ಬೀಳುವುದಿಲ್ಲ. ಕೊನೆಗೆ ಸುಡೊ ಅಪ್‌ಡೇಟ್-ಗ್ರಬ್.

ಫೆಡೋರಾದ ಒಳಗೆ ಹೋದಾಗ ಗ್ರಬ್2-ಇನ್‌ಸ್ಟಾಲ್ ಓಡಿಸಬೇಡಿ. ಯುಇಎಫ್‌ಐ ಯಂತ್ರದಲ್ಲಿ ಫೆಡೋರಾದ ಲೋಡರ್ ಸರಿಮಾಡುವ ಕ್ರಮ 'ಸುಡೊ ಡಿಎನ್‌ಎಫ್ ರೀಇನ್‌ಸ್ಟಾಲ್ ಶಿಮ್-* ಗ್ರಬ್2-ಇಎಫ್‌ಐ-*' ಎಂಬುದು. ಫೆಡೋರಾ 34ರಿಂದ ಇಎಸ್‌ಪಿಯೊಳಗಿನ ಗ್ರಬ್.ಸಿಎಫ್‌ಜಿ ಕೂಡ ಉಬುಂಟುವಿನ ಹಾಗೆಯೇ ಪುಟ್ಟ ಕೈಮರ. ನಿಜವಾದ ಮೆನು /ಬೂಟ್/ಗ್ರಬ್2 ಒಳಗಿದೆ. ಹಳೆಯ ಲೇಖನ ನೋಡಿಕೊಂಡು ಮೆನುವನ್ನು ಇಎಸ್‌ಪಿಯೊಳಗೆ ಬರೆದರೆ ಆ ಕೈಮರ ಅಳಿಸಿಹೋಗುತ್ತದೆ.

ಬೂಟ್ ಕ್ರಮ ನೋಡಿ ಮುಗಿಸೋಣ. 'ಇಎಫ್‌ಐಬೂಟ್‌ಎಂಜಿಆರ್' ಕೊಟ್ಟರೆ ಬೂಟ್‌ಆರ್ಡರ್ ಎಂಬ ಸಾಲು, ಅದರ ಕೆಳಗೆ ನಾಲ್ಕಂಕಿಯ ನಮೂದುಗಳು ಬರುತ್ತವೆ. ಉಬುಂಟು 0003, ಫೆಡೋರಾ 0001 ಎಂದಿದ್ದರೆ 'ಸುಡೊ ಇಎಫ್‌ಐಬೂಟ್‌ಎಂಜಿಆರ್ -ಓ 0003,0001'. ಇಲ್ಲಿ ಸಣ್ಣಕ್ಷರದ ಓ. ಅಲ್ಪವಿರಾಮದ ನಂತರ ಜಾಗ ಬಿಡಬಾರದು. ಬೇಡದ ನಮೂದು ಅಳಿಸಿದರೂ ಮತ್ತೆ ಮತ್ತೆ ಹುಟ್ಟಿಕೊಂಡರೆ ಅದು ಮದರ್‌ಬೋರ್ಡಿನ ಹಟವೆಂದು ತಿಳಿಯಬೇಡಿ. ಇಎಸ್‌ಪಿಯ 'ಬೂಟ್' ಫೋಲ್ಡರಿನಲ್ಲಿ ಎಫ್‌ಬಿಎಕ್ಸ್64 ಎಂಬ ಕಡತವಿದೆ. ಯಂತ್ರ ಆ ದಾರಿಯಿಂದ ಶುರುವಾದಾಗಲೆಲ್ಲ ಅದು ಪ್ರತಿ ಲಿನಕ್ಸಿನ ಫೋಲ್ಡರಿನ ಸಿಎಸ್‌ವಿ ಕಡತ ಓದಿ ನಮೂದುಗಳನ್ನು ಮತ್ತೆ ಬರೆಯುತ್ತದೆ. ನೀವು ತೆಗೆದುಹಾಕಿದ ಲಿನಕ್ಸಿನ ಫೋಲ್ಡರ್ ಇಎಸ್‌ಪಿಯಲ್ಲಿ ಉಳಿದಿದ್ದರೆ ಅದನ್ನೂ ಅಳಿಸಬೇಕು.

ಕ್ರಮ ತಾನಾಗಿಯೇ ಬದಲಾಗುತ್ತಿದ್ದು, ಜೊತೆಗೆ ಗಡಿಯಾರವೂ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ನೋಡಿ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ, 2.7ಕ್ಕಿಂತ ಇಳಿದಿದ್ದರೆ ಬದಲಿಸಿ. ಕಾರವಾರ, ಕುಮಟಾ, ಹೊನ್ನಾವರದ ಕಡಲ ಗಾಳಿಯಲ್ಲಿ ಬ್ಯಾಟರಿ ಕೂರುವ ಲೋಹದ ಪಟ್ಟಿ ಹಸಿರುಗಟ್ಟುವುದೂ ಇದೆ, ಆಗ ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಾಗದು. ಕರೆಂಟ್ ತೆಗೆದು ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ.

ಬೂಟ್‌ಲೋಡರಿನ ತಪ್ಪೆಂದು ಜನ ತಿಳಿಯುವ ಇನ್ನೊಂದು ತೊಂದರೆ ಸ್ವಾಪ್, ಅಂದರೆ ನೆನಪು (ಮೆಮೊರಿ) ಸಾಲದಾಗ ಬಳಸುವ ಡಿಸ್ಕಿನ ಜಾಗ. ಮೂರಕ್ಕೂ ಒಂದೇ ಸ್ವಾಪ್ ವಿಭಾಗ ಇದ್ದರೆ, ಹೊಸ ಲಿನಕ್ಸ್ ಹಾಕುವಾಗ ಇನ್‌ಸ್ಟಾಲರ್ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಿ ಯುಯುಐಡಿ ಬದಲಿಸಬಹುದು. ಹಳೆಯ ಲಿನಕ್ಸ್ ಇಲ್ಲದ ಯುಯುಐಡಿಗಾಗಿ 90 ಸೆಕೆಂಡು ಕಾಯುತ್ತಾ ನಿಲ್ಲುತ್ತದೆ. /ಇಟಿಸಿ/ಎಫ್‌ಎಸ್‌ಟ್ಯಾಬ್ ಮತ್ತು /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್ ಎರಡರಲ್ಲೂ ಹೊಸ ಯುಯುಐಡಿ ಹಾಕಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಮಾಡಿ. ಹಂಚಿಕೊಂಡ ಸ್ವಾಪ್ ಇದ್ದಾಗ ಹೈಬರ್ನೇಟ್ (ನೆನಪಿನಲ್ಲಿದ್ದದ್ದನ್ನು ಸ್ವಾಪಿಗೆ ಬರೆದಿಟ್ಟು ಆಫ್ ಆಗುವುದು) ಬಳಸಲೇಬೇಡಿ. ಒಂದರ ನೆನಪನ್ನು ಇನ್ನೊಂದು ಅಳಿಸಿ ಕಡತಗಳೇ ಹಾಳಾಗಬಹುದು. /ಬೂಟ್ ವಿಭಾಗವನ್ನಂತೂ ಎರಡು ಲಿನಕ್ಸ್‌ಗಳ ನಡುವೆ ಹಂಚಬಾರದು.

ಮುಂದೊಂದು ದಿನ 'ಎಸ್‌ಬಿಎಟಿ' ಮತ್ತು 'ಸೆಕ್ಯುರಿಟಿ ಪಾಲಿಸಿ ವಯೋಲೇಷನ್' ಎಂಬ ಪದಗಳಿರುವ ಸಂದೇಶ ಬಂದು ಯಂತ್ರ ಆಫ್ ಆದರೆ, ಒಂದು ಲಿನಕ್ಸಿನ ಹೊಸ ಶಿಮ್ ಇನ್ನೊಂದರ ಹಳೆಯ ಲೋಡರನ್ನು ತಿರಸ್ಕೃತರ ಪಟ್ಟಿಗೆ ಸೇರಿಸಿದೆ ಎಂದರ್ಥ. 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದರಿಂದ ಬಹಳ ಜನರ ಲಿನಕ್ಸ್ ನಿಂತದ್ದೂ ಇದೇ ಬಗೆಯಲ್ಲಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಒಳಗೆ ಹೋಗಿ, ಹಿಂದುಳಿದ ಲಿನಕ್ಸಿನ ಶಿಮ್ ಮತ್ತು ಗ್ರಬ್ ಅಪ್‌ಡೇಟ್ ಮಾಡಿ. 'ಸುಡೊ ಎಂಒಕೆಯುಟಿಲ್ --ಸೆಟ್-ಎಸ್‌ಬಿಎಟಿ-ಪಾಲಿಸಿ ಡಿಲೀಟ್' ಕೊಟ್ಟು ಒಮ್ಮೆ ಮರುಶುರು ಮಾಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ.

ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ. ಹಲವು ಜಿಬಿಯ ಉಬುಂಟು ಐಎಸ್‌ಒ ಇಳಿಸಲು ಆಗ ಕೂತರೆ ಆಗದು. ಜೂನ್‌ಗೆ ಮೊದಲೇ ಡೆಬಿಯನ್ ನೆಟ್‌ಇನ್‌ಸ್ಟ್ (ಡೆಬಿಯನ್ನಿನ ಪುಟ್ಟ ಇನ್‌ಸ್ಟಾಲರ್) ಇಳಿಸಿ ಪೆನ್‌ಡ್ರೈವಿಗೆ ಬರೆದಿಡಿ. ಒಂದು ಜಿಬಿಗಿಂತ ಕಡಿಮೆ ಇದೆ. ಅದರ ರೆಸ್ಕ್ಯೂ ಮೋಡ್‌ನಲ್ಲಿ ನಿಮ್ಮ ಉಬುಂಟು ವಿಭಾಗ ಆರಿಸಿ ಅದರೊಳಗೇ ಶೆಲ್ ತೆರೆಯಬಹುದು, ಮೇಲಿನ ಗ್ರಬ್-ಇನ್‌ಸ್ಟಾಲ್ ಅಲ್ಲಿಂದಲೇ ಓಡುತ್ತದೆ. ಪೆನ್‌ಡ್ರೈವಿನಿಂದ ಶುರುಮಾಡುವಾಗ ಬೂಟ್ ಮೆನುವಿನಲ್ಲಿ ಹೆಸರಿನ ಮುಂದೆ 'ಯುಇಎಫ್‌ಐ' ಎಂದಿರುವುದನ್ನೇ ಆರಿಸಿ. ಇಲ್ಲವಾದರೆ ಹಳೆಯ ಬಯಾಸ್ ಮೋಡ್‌ನಲ್ಲಿ ತೆರೆದು, ಬೂಟ್ ನಮೂದು ಬರೆಯಲು ಆಗುವುದಿಲ್ಲ. /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಸರಿಯಾದ ಮೋಡ್‌ನಲ್ಲಿದ್ದೀರಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಚಿಕ್ಕದೊಂದನ್ನು ಹಾಕಿಸಿ, ಅದು ಪೂರ್ತಿ ಚಾರ್ಜ್ ಆಗಿರುವಾಗ ಮಾತ್ರ ಕರ್ನೆಲ್ ಮತ್ತು ಗ್ರಬ್ ಅಪ್‌ಡೇಟ್‌ಗೆ ಕೈಹಾಕಿ.